ಉತ್ತರ ಇಂಗ್ಲೆಂಡಿನಲ್ಲಿ ಎಂಎಸ್‌ಸಿ: ಖರ್ಚು ಕಡಿಮೆಯೆಂದು ಆರಿಸಿಕೊಳ್ಳಬಹುದೇ?

ಪ್ರಶ್ನೆ

ನವೀಕರಿಸಬಹುದಾದ ಇಂಧನ ವಿಷಯದ ಒಂದು ವರ್ಷದ ಎಂಎಸ್‌ಸಿಗೆ ನ್ಯೂಕ್ಯಾಸಲ್‌ನ ಒಂದು ವಿಶ್ವವಿದ್ಯಾಲಯದಲ್ಲಿಯೂ ಲಂಡನ್ನಿನ ಇನ್ನೊಂದರಲ್ಲಿಯೂ ನನಗೆ ಪ್ರವೇಶ ದೊರೆತಿದೆ. ಬೋಧನಾ ಶುಲ್ಕದಲ್ಲಿ ಹೇಳಿಕೊಳ್ಳುವಂತಹ ಅಂತರವಿಲ್ಲ. ಆದರೆ ವೀಸಾಕ್ಕಾಗಿ ತೋರಿಸಬೇಕಾದ ಜೀವನವೆಚ್ಚವು, 2025ರ ನವೆಂಬರ್‌ನಲ್ಲಿ ಪರಿಷ್ಕೃತವಾದ ದರದಂತೆ, ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗಿನ ಊರುಗಳಲ್ಲಿ 1,171 ಪೌಂಡ್. ಒಂಬತ್ತು ತಿಂಗಳ ಲೆಕ್ಕ ಹಾಕಿದರೆ ಮೂರು ಸಾವಿರ ಪೌಂಡಿಗೂ ಮೀರಿದ ಈ ವ್ಯತ್ಯಾಸ, ಶಿಕ್ಷಣ ಸಾಲವನ್ನೇ ನೆಚ್ಚಿಕೊಂಡಿರುವ ನನಗೆ ಸಣ್ಣದಲ್ಲ. ಆದರೂ ಉತ್ತರಕ್ಕೆ ಹೋದರೆ ಮುಂದೆ ಕೆಲಸ ಸಿಗುವುದಿಲ್ಲವೆಂದು ಹಲವರು ಹೆದರಿಸುತ್ತಿದ್ದಾರೆ. ಮುಂಗಡ ಹಣ ಕಟ್ಟುವ ಮೊದಲು ಬಲ್ಲವರ ಅಭಿಪ್ರಾಯ ತಿಳಿಯಬೇಕಾಗಿದೆ.

ಉತ್ತರ 1

ನಿಮ್ಮ ವಿಷಯದ ಮಟ್ಟಿಗೆ ಹೆದರಿಸುವವರ ಮಾತು ಅರ್ಧ ಮಾತ್ರ ನಿಜ. ಸಮುದ್ರದ ಮೇಲಿನ ಪವನ ವಿದ್ಯುತ್ತಿನ ಕೆಲಸ ಹೆಚ್ಚಾಗಿ ನಡೆಯುವುದೇ ನ್ಯೂಕ್ಯಾಸಲ್ ಇರುವ ಪೂರ್ವ ಕರಾವಳಿಯಲ್ಲಿ: ಹಲ್ ಬಂದರಿನ ಸೀಮೆನ್ಸ್ ಗಮೇಸಾ ಕಾರ್ಖಾನೆ 2016ರಿಂದ ಗಾಳಿಯಂತ್ರದ ರೆಕ್ಕೆಗಳನ್ನು ತಯಾರಿಸುತ್ತಿದೆ, ನ್ಯೂಕ್ಯಾಸಲ್‌ಗೆ ಸಮೀಪದ ಬ್ಲೈತ್‌ನಲ್ಲಿ ಅಂತಹ ರೆಕ್ಕೆಗಳನ್ನು ಪರೀಕ್ಷಿಸುವ ಕೇಂದ್ರವಿದೆ, ಡಾಗರ್ ಬ್ಯಾಂಕ್ ಎಂಬ ಸಮುದ್ರದ ಪವನ ವಿದ್ಯುತ್ ಯೋಜನೆಯ ನಿರ್ವಹಣಾ ನೆಲೆ ಟೈನ್ ಬಂದರಿನಲ್ಲಿದೆ. ಹಣಕಾಸು ಅಥವಾ ಜಾಹೀರಾತು ಓದುವವರಾಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ.

ನಿಜವಾದ ತೊಡಕು ಸಂಬಳದ್ದು. ಓದಿನ ನಂತರ ಅಲ್ಲಿಯೇ ಉಳಿದು ಕೆಲಸ ಮಾಡಲು ಬೇಕಾದ ನುರಿತ ಕೆಲಸಗಾರರ ವೀಸಾಕ್ಕೆ 2025ರ ಜುಲೈನಿಂದ ಸಾಮಾನ್ಯ ಕನಿಷ್ಠ ವಾರ್ಷಿಕ ವೇತನ 41,700 ಪೌಂಡ್. ಆಗತಾನೇ ಓದು ಮುಗಿಸಿದವರಿಗೆ ರಿಯಾಯಿತಿಯಿದ್ದರೂ 33,400 ಪೌಂಡಿಗಿಂತ ಕೆಳಗಿಳಿಯುವುದಿಲ್ಲ. ಲಂಡನ್ನಿಗೂ ನ್ಯೂಕ್ಯಾಸಲ್ ಪಕ್ಕದ ಸಂಡರ್‌ಲ್ಯಾಂಡಿಗೂ ಇದೇ ಮಿತಿ, ಆದರೆ ಸಂಬಳ ಒಂದೇ ಅಲ್ಲ. ಬಾಡಿಗೆಯನ್ನು ತಗ್ಗಿಸುವ ಊರೇ ಆರಂಭಿಕ ವೇತನವನ್ನೂ ತಗ್ಗಿಸುತ್ತದೆ ಎಂಬುದನ್ನು ಏಜೆಂಟರು ಹೇಳುವುದಿಲ್ಲ, ಹೇಳಿದರೆ ಅವರ ಕಮಿಷನ್ನಿಗೆ ಕಲ್ಲು ಬೀಳುತ್ತದೆ. ಆದ್ದರಿಂದ ನೀವು ಸೇರಬಯಸುವ ಕಂಪನಿಗಳು ಆ ಭಾಗದಲ್ಲಿ ಹೊಸಬರಿಗೆ ಎಷ್ಟು ಕೊಡುತ್ತವೆ, ವೀಸಾ ಪ್ರಾಯೋಜಿಸುವ ಪರವಾನಗಿ ಅವುಗಳಿಗಿದೆಯೇ ಎಂಬುದನ್ನು ಈಗಲೇ ನೋಡಿಕೊಳ್ಳಿ. ಪರವಾನಗಿದಾರರ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ.

ಓದಿನ ನಂತರ ಅಲ್ಲಿಯೇ ಉಳಿದು ಕೆಲಸ ಹುಡುಕಲು ಕೊಡುವ ಗ್ರ್ಯಾಜುಯೇಟ್ ವೀಸಾದ ಅವಧಿಯೂ 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. ದೊಡ್ಡ ಕಂಪನಿಗಳ ಗ್ರ್ಯಾಜುಯೇಟ್ ನೇಮಕಾತಿ ಆರಂಭವಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ನೀವು ಇನ್ನೂ ಹಾಸಿಗೆ ಹೊದಿಕೆ ಕೊಳ್ಳುತ್ತಿರುವಾಗ. ರೆಸ್ಯೂಮೆ ಹೊರಡುವ ಮೊದಲೇ ಸಿದ್ಧವಾಗಿರಲಿ.

ಉತ್ತರ 2

ಮೇಲಿನವರು ಕೆಲಸದ ವಿಷಯವನ್ನು ಸರಿಯಾಗಿಯೇ ಹೇಳಿದ್ದಾರೆ. ನಾನು ಅಲ್ಲಿಯೇ ಓದಿದವಳಾಗಿ ವಾಸದ ಬಗ್ಗೆ ಬರೆಯುತ್ತೇನೆ. ನ್ಯೂಕ್ಯಾಸಲ್ ಇರುವುದು 55 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ ಹುಟ್ಟಿದ ಸೂರ್ಯ ಮಧ್ಯಾಹ್ನ ಮೂರು ಮುಕ್ಕಾಲರ ಒಳಗೇ ಮುಳುಗುತ್ತಾನೆ. ಚಳಿಗೆ ಸ್ವೆಟರ್ ಇದೆ, ಈ ಕತ್ತಲೆಗೆ ಯಾವ ಬಟ್ಟೆಯೂ ಇಲ್ಲ. ಮಧ್ಯಾಹ್ನದ ತರಗತಿ ಮುಗಿಸಿ ಹೊರಬಂದಾಗ ಬೀದಿದೀಪ ಹತ್ತಿರುವುದನ್ನು ಕಂಡು ಮನಸ್ಸು ಕುಗ್ಗುವವರನ್ನು ನೋಡಿದ್ದೇನೆ.

ಬಾಡಿಗೆ ನೋಡುವಾಗ ಗ್ಯಾಸ್, ವಿದ್ಯುತ್ ಬಿಲ್ಲುಗಳು ಸೇರಿವೆಯೇ ಎಂದು ಕೇಳಿ. ಹೀಟನ್, ಜೆಸ್ಮಂಡ್ ಬಡಾವಣೆಗಳ ಹಳೆಯ ಸಾಲುಮನೆಗಳು ಅಗ್ಗವಾಗಿ ಕಂಡರೂ, ಹೀಟರ್ ಉಳಿಸಲು ಹೋದರೆ ಕಿಟಕಿಯ ಒಳಗಾಜಿನಲ್ಲಿ ನೀರು ಇಳಿದು, ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ. ಮೊದಲ ವರ್ಷ ಹಾಸ್ಟೆಲ್ ಲೇಸು. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಕೌನ್ಸಿಲ್ ತೆರಿಗೆ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಇಲ್ಲ ಎಂಬುದೊಂದು ಸಮಾಧಾನ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸಂಬಳದ ಮಿತಿಯನ್ನು ನಾನು ಊರಿನೊಂದಿಗೆ ಹೊಂದಿಸಿ ಯೋಚಿಸಿರಲಿಲ್ಲ. ಇನ್ನೊಂದು ಸಂದೇಹ: ಪತ್ನಿಯನ್ನು ಜೊತೆಗೆ ಕರೆದೊಯ್ಯಬಹುದೇ?

ಉತ್ತರ 1

ಆಗುವುದಿಲ್ಲ. 2024ರ ಜನವರಿಯಿಂದ ಸಂಶೋಧನಾ ಪದವಿಯವರನ್ನೂ ಸರ್ಕಾರಿ ವಿದ್ಯಾರ್ಥಿವೇತನ ಪಡೆದ ಕೆಲವರನ್ನೂ ಬಿಟ್ಟು ಉಳಿದ ವಿದ್ಯಾರ್ಥಿಗಳು ಕುಟುಂಬವನ್ನು ಕರೆತರುವಂತಿಲ್ಲ. ಲಂಡನ್ನಿಗೂ ಇದೇ ನಿಯಮ. ನಿಮ್ಮ ಜಾಗದಲ್ಲಿ ನಾನಿದ್ದರೆ ನ್ಯೂಕ್ಯಾಸಲ್ಲನ್ನೇ ಆರಿಸಿಕೊಳ್ಳುತ್ತಿದ್ದೆ. ಆದರೆ ಹಣ ಕಟ್ಟುವ ಮೊದಲು, ವೀಸಾ ತಿರಸ್ಕೃತವಾದರೆ ಮುಂಗಡ ಹಣ ಮರಳುತ್ತದೆಯೇ, ಎಷ್ಟು ಕಡಿತವಾಗುತ್ತದೆ ಎಂಬುದನ್ನು ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ.