‘ಹಿದರ್ಟು’ ಬಳಕೆ: ‘ಸೋ ಫಾರ್’ ಇದ್ದಲ್ಲೆಲ್ಲ ಹಾಕಬಹುದೇ?

ಪ್ರಶ್ನೆ:
ಇಂಗ್ಲಿಷಿನ ‘ಹಿದರ್ಟು’ ಪದಕ್ಕೆ ನಿಘಂಟಿನಲ್ಲಿ ‘ಇದುವರೆಗೆ’ ಎಂದಿದೆ. ‘ಸೋ ಫಾರ್’ಗೂ ಅದೇ ಅರ್ಥ. ಹಾಗಾದರೆ ಇಮೇಲ್‌ನಲ್ಲಿ ‘ಐ ಹ್ಯಾವ್ ನಾಟ್ ಹಿದರ್ಟು ರಿಸೀವ್ಡ್ ಯುವರ್ ರಿಪ್ಲೈ’ ಎಂದು ಬರೆಯಬಹುದೇ? ಉಚ್ಚಾರಣೆಯನ್ನೂ ತಿಳಿಸಿ.

ಉತ್ತರ 1:
ವ್ಯಾಕರಣದಲ್ಲಿ ತಪ್ಪಿಲ್ಲ, ಆದರೂ ಬರೆಯಬೇಡಿ. ‘ಸೋ ಫಾರ್’ ಈ ಹೊತ್ತಿನ ತನಕದ ಸಂಗತಿ ಹೇಳಿ ಸುಮ್ಮನಾಗುತ್ತದೆ. ‘ಹಿದರ್ಟು’ ಕಂಡರೆ ಓದುವವರು ಸಾಮಾನ್ಯವಾಗಿ ‘ಇದುವರೆಗೆ ಹಾಗಿತ್ತು, ಈಗ ಹಾಗಿಲ್ಲ’ ಎಂದುಕೊಳ್ಳುತ್ತಾರೆ. ‘ಎ ಹಿದರ್ಟು ಅನ್‌ನೋನ್ ಸ್ಪೀಷೀಸ್’ ಎಂದರೆ ಯಾರಿಗೂ ಗೊತ್ತಿರದಿದ್ದ ಜೀವಿ ಈಗ ಪತ್ತೆಯಾಗಿದೆ ಎಂದೇ ಅರ್ಥ. ನಿಮಗಿನ್ನೂ ಉತ್ತರವೇ ಬಂದಿಲ್ಲ. ಅಲ್ಲಿ ‘ಯೆಟ್’ ಸಾಕು. ಕನ್ನಡದ ‘ಇದುವರೆಗೆ’ ಎರಡೂ ಕಡೆ ಒಗ್ಗುವುದರಿಂದ ನಮಗೆ ಈ ವ್ಯತ್ಯಾಸ ಸುಲಭವಾಗಿ ಹೊಳೆಯುವುದಿಲ್ಲ.

‘ಹಿದರ್ಟು’ ಚೆನ್ನಾಗಿ ಕೂರುವ ಜಾಗ ‘ಅನ್‌ನೋನ್’, ‘ಅನ್‌ಪಬ್ಲಿಷ್ಡ್’ ಥರದ ವಿಶೇಷಣಗಳ ಮುಂದೆ. ನಡುವೆ ಹೈಫನ್ ಬೇಕಿಲ್ಲ. ಉಚ್ಚರಿಸುವಾಗ ಒತ್ತು ಕೊನೆಯ ‘ಟೂ’ ಮೇಲೆ. ನಡುವಿನ ಧ್ವನಿ ‘ದಿಸ್’ನದ್ದು, ‘ಥಿಂಕ್’ನದ್ದಲ್ಲ.

ಉತ್ತರ 2:
ಕಾಲವನ್ನೂ ಗಮನಿಸಿ. ‘ಹ್ಯಾಸ್’, ‘ಹ್ಯಾವ್’ ಜೊತೆ ಬಂದರೆ ‘ಇಲ್ಲಿಯವರೆಗೆ’. ಕಥನದಲ್ಲಿ ‘ಹ್ಯಾಡ್’ ಜೊತೆ ಬಂದರೆ ‘ಅಲ್ಲಿಯವರೆಗೆ’. ‘ಹಿದರ್ಟು ಶೀ ಹ್ಯಾಡ್ ವರ್ಕ್ಡ್ ಅಲೋನ್’ ಎಂಬುದನ್ನು ‘ಇಲ್ಲಿಯವರೆಗೆ’ ಎಂದು ಅನುವಾದಿಸಿದರೆ ಕಥೆಯ ಕಾಲವೇ ತಪ್ಪಿಹೋಗುತ್ತದೆ. ‘ಇನ್ನು ಮುಂದೆ’ ಎನ್ನಲು ‘ಹೆನ್ಸ್‌ಫೋರ್ತ್’ ಬೇರೆಯೇ ಇದೆ. ‘ಟಿಲ್ ಹಿದರ್ಟು’ ಬರೆಯಲೇಬೇಡಿ, ‘ವರೆಗೆ’ ಎರಡು ಸಲ ಆಗುತ್ತದೆ. ಕರಾರುಪತ್ರಗಳ ‘ಹಿಯರ್‌ಟು’ ಕೂಡ ಬೇರೆ ಪದ: ‘ಅನೆಕ್ಸ್ಡ್ ಹಿಯರ್‌ಟು’ ಎಂದರೆ ಈ ಪತ್ರಕ್ಕೆ ಲಗತ್ತಿಸಿದ್ದು.

ಪ್ರಶ್ನೆ ಕೇಳಿದವರು:
ಧನ್ಯವಾದ. ಆದರೆ ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ‘ಹಿದರ್ಟು’ ಪದ ‘ಶಾಲ್ಟ್’ (‘ಶಾಲ್’ನ ಹಳೆಯ ರೂಪ) ಜೊತೆ ಬಂದಿದೆಯಲ್ಲ? ಅದು ಮುಂದಿನ ಮಾತು ತಾನೇ?

ಉತ್ತರ 2:
1611ರ ಅನುವಾದ, ಯೋಬನ ಗ್ರಂಥ 38:11. ದೇವರು ಸಮುದ್ರಕ್ಕೆ ಎಲ್ಲೆ ಹಾಕುವ ಮಾತದು. ಅಲ್ಲಿ ಕಾಲವಲ್ಲ, ಜಾಗ: ‘ಇಲ್ಲಿಯ ತನಕ ಬರಬಹುದು, ಮುಂದಕ್ಕಿಲ್ಲ’. ‘ಹಿದರ್’ ಎಂದರೆ ‘ಇತ್ತ’. ಜಾಗದ ಆ ಪದವೇ ನಮ್ಮ ‘ಇಲ್ಲಿಯವರೆಗೆ’ಯಂತೆ ಕಾಲಕ್ಕೂ ಹಬ್ಬಿತು. ಜಾಗದ ಅರ್ಥ ಈಗ ಬಳಕೆ ತಪ್ಪಿದೆ. ‘ರಸ್ತೆ ಇಲ್ಲಿಯವರೆಗೆ ಬರುತ್ತದೆ’ ಎನ್ನಲು ‘ಅಪ್ ಟು ಹಿಯರ್’ ಎಂದೇ ಬರೆಯಿರಿ.