ಟೆರೇಸಿನ ಡಬ್ಲ್ಯೂಪಿಸಿ ಡೆಕ್‌ಗೆ ಯಾವ ಸ್ಕ್ರೂ? ಒಂದೇ ಮಳೆಗಾಲಕ್ಕೆ ಎಲ್ಲ ತುಕ್ಕು

ಕಡಲತಡಿ:
ನಮ್ಮ ಮನೆ ಸುರತ್ಕಲ್ ಹತ್ತಿರ, ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಅಷ್ಟೆ. ಕಳೆದ ಏಪ್ರಿಲ್‌ನಲ್ಲಿ ಟೆರೇಸಿಗೆ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆ ಹಾಕಿಸಿದೆವು, ಕೆಳಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಬಾಕ್ಸ್ ಪೈಪಿನ ಫ್ರೇಮ್. ಕೆಲಸದವರು ಜಿಪ್ಸಮ್ ಸೀಲಿಂಗಿಗೆ ಹಾಕುವ ಕಪ್ಪು ಸ್ಕ್ರೂನೇ ಹಾಕಿಬಿಟ್ಟಿದ್ದಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಲಗೆ ಮೇಲೆಲ್ಲ ಕಂದು ಬಣ್ಣದ ಕಲೆ ಇಳಿದಿದೆ, ನಾಲ್ಕೈದು ಸ್ಕ್ರೂಗಳ ತಲೆ ತುಂಡಾಗಿದೆ. ಹಲಗೆಗೆ ಏನೂ ಆಗಿಲ್ಲ. ಎಲ್ಲ ಬದಲಾಯಿಸಬೇಕು. ಒಂದು ಅಂಗಡಿಯವರು ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಕೋಟಿಂಗ್ ಇದ್ದರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉಡುಪಿ ಫ್ಯಾಬ್ರಿಕೇಟರ್:
ಕಪ್ಪು ಸ್ಕ್ರೂ ಹೊರಗಿನ ಕೆಲಸಕ್ಕೆ ಅಲ್ಲವೇ ಅಲ್ಲ ಮಾರಾಯ್ರೇ. ಅದು ಗಟ್ಟಿ, ಆದರೆ ಪೆಡಸು. ಬಿಸಿಲಿಗೆ ಹಲಗೆ ಹಿಗ್ಗಿ ಎಳೆದಾಗ ಬಾಗುವುದಿಲ್ಲ, ತುಂಡಾಗುತ್ತದೆ.

ಸ್ಕ್ರೂ ಆರಿಸುವಾಗ ಹಲಗೆಯ ಬಣ್ಣ ನೋಡಬೇಡಿ. ಕೆಳಗಿನ ಫ್ರೇಮ್ ಯಾವುದು, ಊರಿನ ಗಾಳಿ ಎಂಥದ್ದು, ಅದನ್ನು ನೋಡಿ. ನಿಮ್ಮಲ್ಲಿ ಉಪ್ಪುಗಾಳಿ, ಆದ್ದರಿಂದ ಎಸ್‌ಎಸ್ 316 ತೆಗೆದುಕೊಳ್ಳಿ. ಈ ನಂಬರ್‌ಗಳೆಲ್ಲ ಎಸ್‌ಎಸ್‌ನ ಬೇರೆ ಬೇರೆ ದರ್ಜೆಗಳು. 304 ಬೆಂಗಳೂರು, ಮೈಸೂರಿಗೆ ಚೆನ್ನಾಗಿ ಬಾಳುತ್ತದೆ, ಇಲ್ಲಿ ಕಲೆ ಬೀಳುತ್ತದೆ. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ, ಉಪ್ಪನ್ನು ತಡೆಯುವುದು ಅದೇ. ಅಂಗಡಿಯಲ್ಲಿ ಸುಮ್ನೆ "ಎಸ್‌ಎಸ್ ಕೊಡಿ" ಅಂದರೆ 202 ಕೊಟ್ಟಾರು. ಅಯಸ್ಕಾಂತ ಹಿಡಿದು ನೋಡುವುದೂ ಸಾಕಾಗುವುದಿಲ್ಲ, ಯಾಕೆಂದರೆ 202 ಕೂಡ ಅಂಟುವುದಿಲ್ಲ. ಗಟ್ಟಿಯಾಗಿ ಅಂಟಿದರೆ ಮಾತ್ರ ಅದು 410 ಇರಬಹುದು, ಅದೂ ನಿಮ್ಮ ಊರಿಗೆ ಬೇಡ. ಪೆಟ್ಟಿಗೆ ಮೇಲೆ ಎ4 (316 ದರ್ಜೆಯ ಸ್ಕ್ರೂಗಳ ಗುರುತು) ಅಂತ ಬರೆದಿರುವುದನ್ನು, ಬಿಲ್‌ನಲ್ಲಿ 316 ಅಂತ ನಮೂದಿಸಿ ಕೊಡುವವರಿಂದ ತೆಗೆದುಕೊಳ್ಳಿ.

ಇನ್ನೊಂದು ವಿಷಯ. 316 ಮೆದು, ತಾನೇ ಜಿಐ ಪೈಪ್ ಕೊರೆದುಕೊಂಡು ಹೋಗುವುದಿಲ್ಲ. 2 ಎಂಎಂ ದಪ್ಪದ ಪೈಪಿಗೆ 10 ನಂಬರ್ ಸ್ಕ್ರೂ ಆದರೆ ಮೊದಲು 4 ಎಂಎಂ ಬಿಟ್‌ನಿಂದ ತೂತು ಹಾಕಿ. ಹಲಗೆಯ ತೂತು ಮಾತ್ರ 6 ಎಂಎಂ ಇರಲಿ, ಹಲಗೆ ಹಿಗ್ಗಿ ಕುಗ್ಗಲು ಜಾಗ ಬೇಕಲ್ವಾ? 10 ಅಡಿ ಹಲಗೆ ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ ಮೂರು ನಾಲ್ಕು ಎಂಎಂ ಉದ್ದ ಆಗುತ್ತದೆ. ಪೈಪ್ ಕೊರೆದ ಜಾಗಕ್ಕೆ ಝಿಂಕ್ ಪ್ರೈಮರ್ ಹಚ್ಚಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ನ್ಯೂಜೆರ್ಸಿ ಕನ್ನಡಿಗ:
ನಾನು ಇಲ್ಲಿ ಹಿತ್ತಿಲಲ್ಲಿ ಸ್ವಂತ ಕೈಯಿಂದ ಡೆಕ್ ಮಾಡಿದೆ. ನಮ್ಮಲ್ಲಿ ಕೆಳಗಿನ ಫ್ರೇಮ್ ಔಷಧಿ ಹಾಕಿದ ಮರ. 2004ರಿಂದ ಮನೆಗಳ ಮರಕ್ಕೆ ಆರ್ಸೆನಿಕ್ ಇರುವ ಔಷಧಿ ನಿಂತಿದೆ, ಈಗಿನದರಲ್ಲಿ ತಾಮ್ರ ಜಾಸ್ತಿ. ಸಾಧಾರಣ ಝಿಂಕ್ ಸ್ಕ್ರೂವನ್ನು ಅದು ತಿಂದುಹಾಕುತ್ತದೆ. ಹಾಗಾಗಿ ಆ ಮರಕ್ಕೆಂದೇ ಮಾಡಿದ ಕೋಟಿಂಗ್ ಸ್ಕ್ರೂ ಹಾಕಿದೆ. ನಿಮ್ಮ ಎರಡನೇ ಅಂಗಡಿಯವರು ಹೇಳಿದ್ದು ಇಂಥ ಕಡೆ ಸರಿ, ಕಡಲ ಪಕ್ಕಕ್ಕೆ ಅಲ್ಲ.

ಹಲಗೆ ಮೇಲಿಂದಲೇ ಸ್ಕ್ರೂ ಹಾಕುವುದಾದರೆ ಕಾಂಪೋಸಿಟ್‌ಗೆಂದೇ (ಡಬ್ಲ್ಯೂಪಿಸಿಯಂಥ ಹಲಗೆಗೆಂದೇ) ಬರುವ ಸಣ್ಣ ತಲೆಯ ಸ್ಕ್ರೂ ಕೇಳಿ ನೋಡಿ. ತಲೆಯ ಕೆಳಗೆ ಬೇರೆ ಥರದ ಎಳೆ (ಥ್ರೆಡ್) ಇರುತ್ತದೆ. ಮಾಮೂಲಿ ಸ್ಕ್ರೂ ಹಾಕಿದರೆ ಸುತ್ತ ಹಲಗೆ ಅಣಬೆ ಥರ ಉಬ್ಬುತ್ತದೆ, ಅದನ್ನು ಇದು ಒಳಕ್ಕೆ ಎಳೆದುಕೊಳ್ಳುತ್ತದೆ. ಡ್ರಿಲ್ಲಿನ ಕ್ಲಚ್ ಕಡಿಮೆಗೆ ಇಟ್ಟುಕೊಳ್ಳಿ.

ಉಡುಪಿ ಫ್ಯಾಬ್ರಿಕೇಟರ್:
ಹಲಗೆಯ ಅಂಚಿನಲ್ಲಿ ಗಾಡಿ (ಉದ್ದಕ್ಕೂ ಕೊರೆದ ಸೀಳು) ಇದೆಯಾ ನೋಡಿ. ಇದ್ದರೆ ಎಸ್‌ಎಸ್ ಕ್ಲಿಪ್ ಹಾಕಬಹುದು, ಸ್ಕ್ರೂ ಮೇಲೆ ಕಾಣುವುದೇ ಇಲ್ಲ. ಹಲಗೆ ಒಳಗೆ ಟೊಳ್ಳಾಗಿದ್ದರೆ ನಾನಂತೂ ಕ್ಲಿಪ್ಪೇ ಹಾಕುವುದು.

ಕಡಲತಡಿ:
ಗಾಡಿ ಇದೆ, ಒಳಗೆ ಟೊಳ್ಳೇ. ಕ್ಲಿಪ್‌ಗೆ ಸ್ಕ್ರೂ 316 ತರಿಸುತ್ತೇನೆ. ಹಳೆ ತೂತುಗಳಿಗೆ ಏನು ತುಂಬಲಿ?

ಉಡುಪಿ ಫ್ಯಾಬ್ರಿಕೇಟರ್:
ಹಲಗೆಯನ್ನು ಮಗುಚಿ ಹಾಕಿ. ಎರಡೂ ಕಡೆ ಡಿಸೈನ್ ಇದ್ದರೆ ತೂತು ಅಷ್ಟು ಎದ್ದು ಕಾಣುವುದಿಲ್ಲ. ಪೈಪಿನ ಹಳೆ ತೂತಿಗೆ ಮಾತ್ರ ಪ್ರೈಮರ್ ಹಚ್ಚಿ ಸೀಲಂಟ್ ತುಂಬಿ, ಪೈಪಿನೊಳಗೆ ನೀರು ನಿಲ್ಲಬಾರದು. ಮೇ ತಿಂಗಳೊಳಗೆ ಮುಗಿಸಿಬಿಡಿ.