ಪದ ಬೇಕಾಗ್ಯದ: ಆಕಾರಕ್ಕ ಕತ್ತರಿಸಿದ ಸೀಡಿಗೆ ಏನಂತಾರ್ರಿ?

[ಬೀದರ್‌ನಿಂದ]
ಎಲ್ಲಾರಿಗೂ ನಮಸ್ಕಾರ್ರಿ. ಒಂದು ಪದ ಅರ್ಜಂಟ್ ಬೇಕಾಗ್ಯದ, ನಾಳೆ ಮುಂಜಾನಿ ಕವರ್ ಪ್ರಿಂಟಿಗೆ ಹೋಗ್ತದ. ಚೌಬಾರಾ ಹತ್ರ ನಮ್ಮ ಮೈದುನಂದು ಬಿದರಿ ಸಾಮಾನಿನ ದುಕಾನ ಅದ, ಗಿರಾಕಿಗೆ ಫುಕಟ್ ಕೊಡ್ಲಿಕ್ಕೆ ಸೀಡಿ ಮಾಡಿಸ್ಲಿಕತ್ತೀವಿ, ಸಾದಾ ದುಂಡಂದಲ್ಲ, ಸುರಾಯಿ (ಉದ್ದ ಕುತ್ತಿಗಿ ಹೂಜಿ) ಆಕಾರದ್ದು. ಒಳಗ ಎರಕ ಹೊಯ್ಯೋದು, ಬೆಳ್ಳಿ ತಂತಿ ಕೂಡಿಸೋದು, ಕಡೀಕ ಕಿಲ್ಲಾದ ಮಣ್ಣು ನವಸಾಗರ ಕೂಡಿಸಿ ಕಪ್ಪು ಮಾಡೋತನಕ ವಿಡಿಯೋ ಅದ. ಮ್ಯಾಲ ಪೂರಾ ಕಪ್ಪು ಛಾಪ, ಹೂಬಳ್ಳಿ ಇದ್ದಲ್ಲಿ ಮಾತ್ರ ಮಸಿ ಹಚ್ಚಿಲ್ಲ, ಅಲ್ಲಿ ಸೀಡಿದೇ ಬೆಳ್ಳಿ ಹೊಳಪು ಕಾಣ್ತದ, ಕೈಯಾಗ ಹಿಡಿದ್ರ ಬಿದರಿನೇ ಅನಸ್ತದ. "ಈ ______ ನಿಮಗ ನಮ್ಮ ಕಾಣಿಕೆ" ಅಂತ ಬರೀಬೇಕು. ಪೇಪರಿನವರ "ಧ್ವನಿಸಾಂದ್ರಿಕೆ" ಬ್ಯಾಡ್ರಿ, ಇದು ಹಾಡಿಂದಲ್ಲ.

[ಕಲಬುರಗಿಯಿಂದ]
ಅಕ್ಕಾರ, "ಕೂಜಾ ಅಡಕಬಿಲ್ಲೆ" ಅಂತ ಬರೀರಿ. ಸುರಾಯಿ ಅರಬ್ಬಿ ಪದ, ಕವರಿಗೆ ಬ್ಯಾಡ. ಸೀಡಿ ಅಂತೂ ಬ್ಯಾಡೇ ಬ್ಯಾಡ. ನಮ್ಮಲ್ಲಿ ಪದ ಇದ್ದಾಗ ಮಂದಿ ಮನಿಗೆ ಯಾಕ ಹೋಗ್ಬೇಕು?

[ಯಾದಗಿರಿಯಿಂದ]
ಬಿಲ್ಲೆ ನಡೆಯಂಗಿಲ್ಲ. ಬಿಲ್ಲೆ ಅಂದ್ರ ದುಂಡು. ಸುರಾಯಿ ದುಂಡಲ್ಲ. ಮುಗೀತು.

[ಬೀದರ್‌ನಿಂದ, ಇನ್ನೊಬ್ಬರು]
ಯಾದಗಿರಿ ಸರ್, ಹಂಗ ಮುಗಿಯಂಗಿಲ್ಲ. ಅಂಚು ಹ್ಯಾಂಗರ ಕತ್ತರಿಸ್ರಿ, ಮಾಹಿತಿ ಬರಿಯೋ ಜಾಗ ದುಂಡಗೇ ಇರ್ತದ, ಯಾಕಂದ್ರ ಸೀಡಿ ಓದೋದು ನಡುವಿನ ತೂತಿನ ಕಡಿಂದ ಸುರುಳಿ ಸುರುಳಿಯಾಗಿ ಹೊರಗ. ಅದಕ್ಕೇ ಇಂಥಾದರಾಗ ಜಾಗ ಕಡಿಮಿ. ಸಾದಾ 120 ಮಿ.ಮೀ. ಸೀಡಿದಾಗ 700 ಎಂಬಿ ಹಿಡಿದ್ರ ವಿಸಿಟಿಂಗ್ ಕಾರ್ಡ್ ಸೈಜಿಂದರಾಗ ಸುಮಾರು 50 ಎಂಬಿ ಅಷ್ಟೇ, ತಂಗೀ ನೀವು ವಿಡಿಯೋ ಎಷ್ಟದ ಅಂತ ಮೊದಲು ನೋಡ್ಕೋರಿ. ಹೆಸರಿನ ಮಾತಿಗೆ ಬಂದ್ರ ನನ್ನ ಪ್ರಕಾರ "ತಟ್ಟೆ"ನೇ ಸರಿ, ಗ್ರಾಮಫೋನ್ ಕಾಲದಿಂದ ತಟ್ಟೆ ಅಂತ ಬಂದದ, ಅದರಾಗ ದುಂಡು ಅನ್ನೋ ಅರ್ಥ ಮುಖ್ಯ ಅಲ್ಲ, ಚಪ್ಪಟಿ ಅನ್ನೋದು ಮುಖ್ಯ. ಬಿದಿರಿನ ತಟ್ಟಿ ನೋಡ್ರಿ, ನಾಕು ಮೂಲಿ ಇರ್ತದ, ಆದ್ರೂ ತಟ್ಟಿ.

ಕಲಬುರಗಿ ಸರ್ ಅವರಿಗೆ ಒಂದು ಮಾತು. ಸುರಾಯಿ ತಗದು ಕೂಜಾ ಹಾಕಿದ್ರಿ, ಕೂಜಾ ಫಾರ್ಸಿ ಪದ ಅದ. ಬಿದರಿ ಕೆಲಸದಾಗ ತಂತಿ ಕೂಡಿಸೋದಕ್ಕ ತಾರಕಶಿ ಅಂತಾರ, ತಗಡು ಕೂಡಿಸೋದಕ್ಕ ತೆಹನಿಶಾನ್, ಎರಡೂ ಫಾರ್ಸಿ. ನಿಮ್ಮ ನೇಮ ಹಿಡಿದ್ರ ಕಾರೀಗರ ತನ್ನ ಕೆಲಸಕ್ಕ ಏನನ್ಬೇಕು? ತಲಿತಲಾಂತರದಿಂದ ಆ ಪದ ಬಾಯಾಗ ಹಿಡಕೊಂಡೇ ಕಲತಾರ, ಅವು ಕನ್ನಡನೇ. ಇದರ ಮ್ಯಾಲ ನಾ ರಾಜಿ ಆಗಂಗಿಲ್ಲ.

[ಕಲಬುರಗಿಯಿಂದ]
ತಟ್ಟೆ ಮೈಸೂರು ಕಡಿ ಮಾತು. ನಾವು ಉಣ್ಣೋದು ತಾಟಿನಾಗ. ಅಡಕಬಿಲ್ಲೆ ಬಿಡಂಗಿಲ್ಲ.

[ಬೀದರ್‌ನಿಂದ, ಇನ್ನೊಬ್ಬರು]
ತಾಟು ಮರಾಠಿ ಕಡಿಂದ ಬಂದದ್ರಿ.

[ಯಾದಗಿರಿಯಿಂದ]
ಡಿಸ್ಕ್ ಇಂಗ್ಲಿಷರದೂ ಅಲ್ಲ, ಗ್ರೀಕರು ಒಗಿಯೋ ಚಕ್ರದ ಹೆಸರು. ಅವರು ತಗೊಂಡ್ರು, ಯಾರೂ ಅಳಲಿಲ್ಲ. ಅಕ್ಕಾರ, ಪದಕ್ಕಿಂತ ಮೊದಲು ಇದನ್ನ ಕೇಳ್ರಿ: ಸುರಾಯಿ ಕುತ್ತಿಗಿ ಒಂದೇ ಕಡಿ ಉದ್ದ, ತೂಕ ತೂತಿನ ಸುತ್ತ ಸಮ ಬರಂಗಿಲ್ಲ, ಜೋರ ತಿರುಗಿದಾಗ ಡ್ರೈವ್ ಗಡಗಡ ಅಲುಗ್ತದ. ಟ್ರೇದಾಗ 120 ಮಿ.ಮೀ. ಸೀಡಿಗೆ ಒಂದು, 80 ಮಿ.ಮೀ. ಸಣ್ಣ ಸೀಡಿಗೆ ಒಂದು ಅಂತ ಎರಡೇ ತಗ್ಗು ಇರ್ತಾವ, ಅದರಾಗ ಸರಿಯಾಗಿ ಕೂಡಬೇಕು. ಕಾರಿನಂಗ ಬಾಯಿಂದ ನುಂಗೋ ಪ್ಲೇಯರಿಗೆ ಹಾಕಿದ್ರ ಹೊರಗ ಬರೋದು ಕಷ್ಟ.

[ಬೀದರ್‌ನಿಂದ]
ಎಲ್ಲಾರಿಗೂ ಭಾಳ ಉಪಕಾರ್ರಿ. ದುಕಾನಕ್ಕ ಬರೋರು ತಟ್ಟೆನೂ ಅನ್ನಂಗಿಲ್ಲ, ಬಿಲ್ಲೆನೂ ಅನ್ನಂಗಿಲ್ಲ, "ಸುರಾಯಿ ಸೀಡಿ" ಅಂತ ಬರೀತೀನಿ. ಸೀಡಿ ಮಾಡೋರ ಕೂಡ ಮಾತಾಡೀನಿ, ಬುಡ ಸಣ್ಣ ಮಾಡಿ ಕುತ್ತಿಗಿ ಗಿಡ್ಡ ಮಾಡಿದ್ರ ತೂಕ ಸಮ ಬರ್ತದ ಅಂದ್ರು. ಈಗ ಎರಡನೇ ಸಾಲು ನೋಡಿ ಹೇಳ್ರಿ, ತಪ್ಪಿದ್ರ ರಾತ್ರಿ ಹತ್ತರ ಒಳಗ: "ಕಂಪ್ಯೂಟರ್ ಟ್ರೇದಾಗ ಮಾತ್ರ ಇಡ್ರಿ, ಕಾರಿನ ಪ್ಲೇಯರಿಗೆ ಹಾಕಬ್ಯಾಡ್ರಿ."